ಘಟ್ಟ ಹತ್ತಿದ ಮೇಲೆ ಉಸಿರು ಕಟ್ಟಿದ ಕಾರು: ಒಂದು ಪ್ರಕರಣ

ಕಾರು ನಮ್ಮ ಗ್ಯಾರೇಜಿಗೆ ಬಂದಿದ್ದು ಒಂದು ಸೋಮವಾರ ಬೆಳಗ್ಗೆ. ಎರಡೇ ಸೀಟಿನ ಜಪಾನೀ ಕೂಪೆ, 3.5 ಲೀಟರಿನ ವಿ6 ಇಂಜಿನ್, ಆರು ಗೇರು, ಎಳೆತ ಹಿಂದಿನ ಚಕ್ರಕ್ಕೆ. ಟರ್ಬೊ ಇಲ್ಲ. ಕಾಗದದ ಮೇಲೆ 280 ಚಿಲ್ಲರೆ ಅಶ್ವಶಕ್ತಿ. ಕಂಪನಿಯ ಹೆಸರು ಇಲ್ಲಿ ಬೇಡ. ತಪ್ಪು ಕಾರು ಮಾಡಿದವರದ್ದಲ್ಲ, ಓದುತ್ತಾ ಹೋದರೆ ಗೊತ್ತಾಗುತ್ತದೆ.

ಓನರ್ ಮಂಗಳೂರಿನ ಹುಡುಗ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಕಾರನ್ನು ಶಿರಾಡಿ ಘಾಟಿ ಹತ್ತಿಸಿಕೊಂಡು ತಾನೇ ಓಡಿಸಿಕೊಂಡು ಬಂದಿದ್ದ.

"ಪಿಕಪ್ಪೇ ಇಲ್ಲ ಅಣ್ಣ. ಊರಲ್ಲಿ ಹುಲಿಯ ಹಾಗೆ ಇತ್ತು ಇದು. ಇಲ್ಲಿ ಬಂದ ಮೇಲೆ ಎಂಥದೋ ಆಗಿದೆ ಮಾರಾಯ್ರೆ. ಆರ್‌ಪಿಎಂ ನಾಲ್ಕು ಸಾವಿರ ದಾಟಿದ್ರೆ ಹಿಂದಿನಿಂದ ಯಾರೋ ಹಗ್ಗ ಹಾಕಿ ಎಳೆದ ಹಾಗೆ ಉಂಟು."

ಜೊತೆಗೆ ಒಂದು ಪ್ಲಾಸ್ಟಿಕ್ ಫೈಲು ಕೊಟ್ಟ. ಒಳಗೆ ಮೂರು ಗ್ಯಾರೇಜುಗಳ ಬಿಲ್ಲು. ಏರ್ ಫಿಲ್ಟರ್ ಹೊಸದು. ಆರೂ ಪ್ಲಗ್ ಹೊಸದು. ಇಂಜೆಕ್ಟರ್ ಕ್ಲೀನಿಂಗ್. ಅದೂ ಸಾಲದು ಅಂತ ಪೆಟ್ರೋಲ್ ಪಂಪು ಬದಲು. ಆಮೇಲೆ ಯಾರೋ ಹೇಳಿದರು ಅಂತ 100 ಆಕ್ಟೇನ್ ಪೆಟ್ರೋಲ್ ಬೇರೆ. ಇಷ್ಟೆಲ್ಲ ಆದ ಮೇಲೂ ಕಾರು ಇದ್ದ ಹಾಗೇ ಇತ್ತು. ಕೊನೆಯ ಗ್ಯಾರೇಜಿನವರು ಕೈ ತೊಳೆದುಕೊಂಡಿದ್ದರು: "ಬೆಂಗಳೂರಲ್ಲಿ ಗಾಳಿ ತೆಳು. ಇಲ್ಲಿ ಇಷ್ಟೇ ಬರೋದು."

ಅವರು ಹೇಳಿದ್ದು ಸುಳ್ಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್ ಇದ್ದರೆ ಇಲ್ಲಿ 910ರ ಆಸುಪಾಸು. ನೂರಕ್ಕೆ ಹತ್ತು ಕಡಿಮೆ. ಟರ್ಬೊ ಇರುವ ಕಾರು ಗಾಳಿಯನ್ನು ಒತ್ತಿ ತುಂಬಿಕೊಂಡು ಇದನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಟರ್ಬೊ ಇಲ್ಲದ ಇಂಜಿನ್ ಮಾತ್ರ ಸುತ್ತ ಇರುವ ಗಾಳಿಯನ್ನೇ ಉಸಿರಾಡಬೇಕು. 280 ಇದ್ದದ್ದು ಇಲ್ಲಿ 250 ಆಗುತ್ತದೆ. ನಂದಿ ಬೆಟ್ಟದ ಮೇಲೆ ಇನ್ನೂ ಕಮ್ಮಿ.

ಆದರೆ ಹುಡುಗನ ಮಾತಿನಲ್ಲಿ ಒಂದು ಎಳೆ ಇತ್ತು. ನಾಲ್ಕು ಸಾವಿರ ದಾಟಿದ ಮೇಲೆ, ಅಂದ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ ಅದು. ಎತ್ತರದಿಂದ ಹೋಗುವ ಪವರ್ ಹಾಗೆ ಹೋಗುವುದಿಲ್ಲ. ಎರಡು ಸಾವಿರಕ್ಕೂ ಹತ್ತು ಪರ್ಸೆಂಟ್, ಆರು ಸಾವಿರಕ್ಕೂ ಹತ್ತು ಪರ್ಸೆಂಟ್. ಕೆಳಗೆ ಚೆನ್ನಾಗಿದ್ದು ಮೇಲೆ ಹೋದಂತೆ ಸಾಯುವುದು ಬೇರೆ ಕಾಯಿಲೆ. ಈ ಕಾರಿನಲ್ಲಿ ಎರಡು ನಷ್ಟ ಒಂದರ ಮೇಲೊಂದು ಕೂತಿದ್ದವು. ಒಂದಕ್ಕೆ ಮದ್ದಿಲ್ಲ. ಇನ್ನೊಂದಕ್ಕೆ ಇದೆ. ಮೊದಲನೆಯದು ಎರಡನೆಯದನ್ನು ಮುಚ್ಚಿಟ್ಟಿತ್ತು, ಅಷ್ಟೆ.

ಮೊದಲ ದಿನ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದೆ. ದೋಷದ ಒಂದು ಕೋಡೂ ಇಲ್ಲ. ಹಿಂದೆ ನೋಡಿದವರೆಲ್ಲ ಚೆಕ್ ಇಂಜಿನ್ ಲೈಟ್ ಆಫ್ ಮಾಡಿಕೊಡುವ ಸೇವೆ ಮಾಡಿದ್ದರು, ಅದರ ಜೊತೆ ಇತಿಹಾಸವೂ ಅಳಿಸಿಹೋಗಿತ್ತು. ಆಮೇಲೆ ವ್ಯಾಕ್ಯೂಮ್ ಗೇಜ್, ಇಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚಿನಲ್ಲಿ ತೋರಿಸುವಂಥದ್ದು. ಐಡ್ಲಿಂಗಿನಲ್ಲಿ ಮುಳ್ಳು 16ರಲ್ಲಿ ಅಲ್ಲಾಡದೆ ನಿಂತಿತು. ನಮ್ಮ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವನು, "ಅಣ್ಣ, ಪುಸ್ತಕದಲ್ಲಿ 18ರಿಂದ 21 ಅಂತಿದೆ, ಇದು ಕಮ್ಮಿ ಅಲ್ವಾ?" ಅಂದ. ಪುಸ್ತಕ ಬರೆದವನು ಸಮುದ್ರದ ಮಟ್ಟದಲ್ಲಿ ಕೂತು ಬರೆದಿದ್ದಾನೆ ಕಣೋ ಅಂದೆ. ಸಾವಿರ ಅಡಿ ಮೇಲೆ ಹೋದರೆ ಒಂದು ಇಂಚು ಕಳೆಯಬೇಕು. ನಾವಿರುವುದು ಮೂರು ಸಾವಿರ ಅಡಿಯಲ್ಲಿ. ಇಲ್ಲಿ 16 ಅಂದರೆ ಅಲ್ಲಿ 19. ಇದನ್ನು ಮರೆತು ಎಷ್ಟು ಒಳ್ಳೆಯ ಇಂಜಿನ್‌ಗಳ ಹೊಟ್ಟೆ ಬಿಚ್ಚಿದ್ದಾರೋ ನಮ್ಮ ಊರಲ್ಲಿ.

ಆದರೆ 2500ಕ್ಕೆ ರೇಸ್ ಕೊಟ್ಟು ಹಿಡಿದುಕೊಂಡಾಗ ಮುಳ್ಳು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಅರ್ಧ ನಿಮಿಷದಲ್ಲಿ ಒಂದೂವರೆ ಇಂಚು. ಜಾಸ್ತಿ ಅಲ್ಲ. ಆದರೆ ಇಳಿಯಬಾರದಿತ್ತು.

ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ, ನೋಡೋಣ ಅಂತ ಪ್ಲಗ್ ಬಿಚ್ಚಿದೆವು. ಆರೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಸಮ. ಐದನೆಯದರ ಪ್ಲಗ್ ಗುಂಡಿಯಲ್ಲಿ ಮಾತ್ರ ಇಂಜಿನ್ ಆಯಿಲ್ ನಿಂತಿತ್ತು, ಕಾಲು ಲೋಟದಷ್ಟು. ಬಟ್ಟೆಯಲ್ಲಿ ಒರೆಸಿ, ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡೆ: "5ರಲ್ಲಿ ಎಣ್ಣೆ, ಟ್ಯಾಪೆಟ್ ಕವರ್ ಸೀಲ್." ಟ್ಯಾಪೆಟ್ ಕವರ್ ಅಂದರೆ ಇಂಜಿನಿನ ಮೇಲಿನ ಮುಚ್ಚಳ. ಓನರ್‌ಗೆ ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಪವರಿಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆಯಲಿಲ್ಲ. ನನಗಿಂತ ಮುಂಚೆ ಪ್ಲಗ್ ಬದಲಾಯಿಸಿದವರಿಗೂ ಹೊಳೆದಿರಲಿಕ್ಕಿಲ್ಲ. ಅವರೂ ಒರೆಸಿ ಮುಂದೆ ಹೋಗಿದ್ದರು.

ಎರಡನೇ ದಿನ ಬೆಳಗ್ಗೆ ಐದೂವರೆಗೆ ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹೋದೆವು. ಓನರ್ ಓಡಿಸಿದ, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತೆ. ಬಿಡದಿ ದಾಟಿದ ಮೇಲೆ ಎರಡನೇ ಗೇರಿನಲ್ಲಿ ಪೂರ್ತಿ ಎಕ್ಸಲೇಟರ್ ಒತ್ತಿಸಿದೆ. 5500ಕ್ಕೆ ವೇಗ ಗಂಟೆಗೆ 85 ಆಸುಪಾಸು, ಕಾನೂನಿನ ಒಳಗೇ. ನಾನು ನೋಡುತ್ತಿದ್ದದ್ದು ಒಂದೇ ಅಂಕಿ. ಇಂಜಿನ್ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಗೆ ಎಳೆಯುತ್ತಿದೆ ಅನ್ನುವುದು.

ಇದರ ಲೆಕ್ಕ ಯಾರು ಬೇಕಾದರೂ ಮಾಡಬಹುದು. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೆ ಒಂದು ಸಲ ಹೊಟ್ಟೆ ತುಂಬಾ ಗಾಳಿ ಕುಡಿಯುತ್ತದೆ. 5500 ಸುತ್ತು ಅಂದರೆ ನಿಮಿಷಕ್ಕೆ 2750 ಸಲ. ಅದನ್ನು 3.5ರಿಂದ ಗುಣಿಸಿ, 60ರಿಂದ ಭಾಗಿಸಿ. ಸೆಕೆಂಡಿಗೆ 160 ಲೀಟರ್. ಬೆಂಗಳೂರಿನ ಎತ್ತರದಲ್ಲಿ, ಬೆಳಗಿನ 20 ಡಿಗ್ರಿಯಲ್ಲಿ, ಒಂದು ಲೀಟರ್ ಗಾಳಿ 1.08 ಗ್ರಾಂ ತೂಗುತ್ತದೆ. ಒಟ್ಟು 173 ಗ್ರಾಂ. ಆರೋಗ್ಯವಾಗಿರುವ ಇಂಜಿನ್ ಇದರಲ್ಲಿ ನೂರಕ್ಕೆ 85–90 ಎಳೆಯಬೇಕು. ಅಂದರೆ 150ರ ಆಚೀಚೆ.

ಬಂದದ್ದು 109.

2500ರಲ್ಲಿ ಮಾತ್ರ ಲೆಕ್ಕ ಬಹುತೇಕ ಸರಿ ಇತ್ತು. 79 ಗ್ರಾಂನಲ್ಲಿ 65 ಎಳೆಯುತ್ತಿತ್ತು. ನೋಡಿ, ಎತ್ತರದ ಕಳೆತ ನಾನು ಆಗಲೇ ಲೆಕ್ಕದೊಳಗೆ ಸೇರಿಸಿಬಿಟ್ಟಿದ್ದೇನೆ. ಗಾಳಿ ತೆಳು ಅನ್ನುವ ನೆಪ ಇನ್ನು ನಡೆಯುವುದಿಲ್ಲ.

ಇಲ್ಲಿ ನಾನೊಂದು ದಿನ ಹಾಳು ಮಾಡಿದೆ. ಗಾಳಿ ಅಳೆಯುವ ಸೆನ್ಸರೇ ಕೊಳಕಾಗಿ ಕಮ್ಮಿ ತೋರಿಸುತ್ತಿರಬೇಕು ಅಂದುಕೊಂಡು ಬಿಚ್ಚಿ, ಸ್ಪ್ರೇ ಹೊಡೆದು, ಒಣಗಿಸಿ ಹಾಕಿ, ಮಾರನೇ ದಿನ ಮತ್ತೆ ಬಿಡದಿಗೆ ಹೋದೆ. 110. ಮೊದಲ ಸಲ ಬಿಡದಿಗೆ ಹೋದಾಗಿನ ರೆಕಾರ್ಡಿಂಗನ್ನೇ ಕೂತು ಸರಿಯಾಗಿ ಓದಿದ್ದರೆ ಈ ಓಡಾಟ ಬೇಕಿರಲಿಲ್ಲ. ಉತ್ತರ ಅದರೊಳಗೇ ಇತ್ತು.

ವಿ6 ಅಂದರೆ ಎರಡು ಸಾಲು, ಸಾಲಿಗೆ ಮೂರು ಸಿಲಿಂಡರ್. ಈ ಕಾರಿನಲ್ಲಿ ಎರಡೂ ಸಾಲಿಗೆ ಗಾಳಿ ಅಳೆಯುವ ಸೆನ್ಸರ್ ಒಂದೇ. ಪ್ರತಿ ಸಾಲಿನ ಹೊಗೆ ಕೊಳವೆಯಲ್ಲಿ ಮಾತ್ರ ಬೇರೆ ಬೇರೆ ಆಕ್ಸಿಜನ್ ಸೆನ್ಸರ್. ಅದು ಸುಟ್ಟ ಹೊಗೆ ನೋಡಿ ಪೆಟ್ರೋಲ್ ಜಾಸ್ತಿ ಆಯಿತಾ ಕಮ್ಮಿ ಆಯಿತಾ ಹೇಳುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಗೆ ಫ್ಯುಯೆಲ್ ಟ್ರಿಮ್ ಅನ್ನುತ್ತಾರೆ. ಪ್ಲಸ್ ಅಂದರೆ ಪೆಟ್ರೋಲ್ ಜಾಸ್ತಿ ಹಾಕುತ್ತಿದೆ, ಮೈನಸ್ ಅಂದರೆ ಕಮ್ಮಿ. ಐದು ಪರ್ಸೆಂಟ್ ಹಿಂದೆ ಮುಂದೆ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಕಾರಿನಲ್ಲಿ ಐಡ್ಲಿಂಗಿನಲ್ಲಿ ಒಂದನೇ ಸಾಲು ಮೈನಸ್ 2, ಎರಡನೇ ಸಾಲು ಪ್ಲಸ್ 3. ಏನೂ ಅಲ್ಲ. 3000ದಲ್ಲಿ ಒಂದೇ ಸಮ ಓಡಿಸುವಾಗ ಒಂದನೇ ಸಾಲು ಮೈನಸ್ 11, ಎರಡನೇ ಸಾಲು ಪ್ಲಸ್ 12.

ಇದನ್ನು ನಮ್ಮ ಹುಡುಗನಿಗೆ ಹೇಳಿದ್ದು ಹೀಗೆ. ಮನೆಯಲ್ಲಿ ಎರಡು ತಟ್ಟೆ ಇದೆ. ಒಟ್ಟು ಎಷ್ಟು ಅನ್ನ ಹೋಯಿತು ಅಂತ ಮಾತ್ರ ಅಮ್ಮನಿಗೆ ಗೊತ್ತು, ಯಾವ ತಟ್ಟೆಗೆ ಎಷ್ಟು ಅಂತ ಗೊತ್ತಿಲ್ಲ. ಅವಳು ಎರಡಕ್ಕೂ ಸಮವಾಗಿ ಸಾರು ಹಾಕುತ್ತಾಳೆ. ಒಂದು ತಟ್ಟೆಗೆ ಅನ್ನ ಕಮ್ಮಿ ಬಿದ್ದಿದ್ದರೆ ಅದು ನೀರು ನೀರು. ಇನ್ನೊಂದು ಒಣ ಒಣ. ಒಬ್ಬ "ಸಾರು ಸಾಕಮ್ಮ" ಅನ್ನುತ್ತಾನೆ, ಇನ್ನೊಬ್ಬ "ಇನ್ನೂ ಹಾಕು" ಅನ್ನುತ್ತಾನೆ. ಗಾಳಿ ಅನ್ನ, ಪೆಟ್ರೋಲ್ ಸಾರು. ಒಂದನೇ ಸಾಲಿಗೆ ಗಾಳಿ ಹೋಗುತ್ತಿಲ್ಲ.

ಸೆನ್ಸರ್ ಕೊಳಕಾಗಿದ್ದರೆ ಎರಡೂ ತಟ್ಟೆ ಒಣಗುತ್ತಿದ್ದವು, ಎರಡೂ ಪ್ಲಸ್ ಆಗುತ್ತಿದ್ದವು. ಪೆಟ್ರೋಲ್ ಪಂಪು ಸೋತಿದ್ದರೂ ಅಷ್ಟೇ. ಒಂದು ಮೇಲೆ ಒಂದು ಕೆಳಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ, ಅದೂ ರೇಸ್ ಏರಿದಂತೆ ದೂರ ಹೋಗುತ್ತಿದ್ದರೆ ಎರಡೇ ಕಾರಣ ನನ್ನ ಮನಸ್ಸಿಗೆ ಬರುತ್ತವೆ. ಆ ಸಾಲಿನ ಕ್ಯಾಮ್ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ತಪ್ಪಿರಬೇಕು, ಇಲ್ಲಾ ಆ ಸಾಲಿನ ಹೊಗೆ ಹೊರಗೆ ಹೋಗುತ್ತಿಲ್ಲ. ಹಳೆಯದು ಹೊರಗೆ ಹೋಗದೆ ಹೊಸದು ಒಳಗೆ ಬರುವುದು ಹೇಗೆ?

ಟೈಮಿಂಗ್ ಚೈನ್ ಬಿಚ್ಚುವುದು ಅಂದರೆ ಇಂಜಿನಿನ ಮುಂಭಾಗ ಪೂರ್ತಿ ಬಿಚ್ಚುವ ಕೆಲಸ. ಹೊಗೆಯ ಒತ್ತಡ ಅಳೆಯುವುದು ಅರ್ಧ ಗಂಟೆಯ ಕೆಲಸ. ಮೊದಲು ಯಾವುದು ಅಂತ ಹೇಳಬೇಕಾಗಿಲ್ಲ.

ಇಷ್ಟು ಹೊತ್ತಿಗೆ, ಅಂದರೆ ಮೂರನೇ ದಿನ, ಮೊದಲನೇ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಓನರ್‌ಗೆ ಕೇಳಿದೆ. "ಚೆಕ್ ಇಂಜಿನ್ ಲೈಟ್ ಯಾವಾಗಲಾದರೂ ಮಿಣುಕಿತ್ತಾ? ಸುಮ್ನೆ ಹತ್ತಿಕೊಂಡಿದ್ದಲ್ಲ, ಮಿಣುಕಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೋದ ಮಳೆಗಾಲದಲ್ಲಿ ಮಿಸ್ಸಿಂಗ್ ಹೊಡೀತಿತ್ತು ಅಣ್ಣ. ಊರಲ್ಲಿ. ಆಗ ಮಿಣುಕ್ತಾ ಇತ್ತು. ಮಳೆ ಕಮ್ಮಿ ಆದ್ಮೇಲೆ ತೋರಿಸುವ ಅಂತ ಎರಡು ತಿಂಗಳು ಹಾಗೇ ಓಡಿಸಿದೆ. ಆಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಹಾಕಿಸಿದೆ, ಸರಿ ಆಯ್ತು."

"ಯಾವ ಸಿಲಿಂಡರ್?"

"ಐದು ಅಂದಿದ್ರು."

ಐದನೆಯದು ಒಂದನೇ ಸಾಲಿನಲ್ಲಿದೆ. ನನ್ನ ಪುಸ್ತಕದಲ್ಲಿ ಎರಡು ದಿನದಿಂದ ಕೂತಿದ್ದ ಆ ಎಣ್ಣೆಯ ಸಾಲು ಆಗ ಎದ್ದು ಬಂದು ಕೆನ್ನೆಗೆ ಹೊಡೆದ ಹಾಗಾಯಿತು.

ಆ ಲೈಟು ಮಿಣುಕುವುದಕ್ಕೂ ಸುಮ್ಮನೆ ಉರಿಯುವುದಕ್ಕೂ ಅಜಗಜಾಂತರ ವ್ಯತ್ಯಾಸ. ಮಿಣುಕಿದರೆ ಒಂದೇ ಅರ್ಥ: ಸಿಲಿಂಡರಿನಲ್ಲಿ ಸುಡದ ಪೆಟ್ರೋಲ್ ಹಸಿಯಾಗಿ ಹೊರಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ, ತಕ್ಷಣ ಎಕ್ಸಲೇಟರಿನಿಂದ ಕಾಲು ತೆಗೆ. ಕನ್ವರ್ಟರ್ ಒಳಗಿರುವುದು ಜೇನುಹುಟ್ಟಿನಂಥ ಪಿಂಗಾಣಿ. ಸಾಮಾನ್ಯವಾಗಿ ಚದರ ಇಂಚಿಗೆ 400 ಕಂಡಿ, ಗೋಡೆಗೆಲ್ಲ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. 400ರಿಂದ 800 ಡಿಗ್ರಿ ಶಾಖದಲ್ಲಿ ಅದು ಆರಾಮಾಗಿ ಕೆಲಸ ಮಾಡುತ್ತದೆ. ಹಸಿ ಪೆಟ್ರೋಲ್ ಒಳಗೇ ಉರಿಯತೊಡಗಿ 1400 ಡಿಗ್ರಿ ದಾಟಿತೋ, ಪಿಂಗಾಣಿ ಮೇಣದ ಹಾಗೆ ಕರಗುತ್ತದೆ.

ಒತ್ತಡ ಅಳೆಯಲು ದೊಡ್ಡ ಯಂತ್ರ ಏನೂ ಬೇಡ. ಕನ್ವರ್ಟರಿಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಬೇಕು, 22ರ ಸ್ಪ್ಯಾನರ್. ತಣ್ಣಗಿದ್ದಾಗ ಜಗ್ಗುವುದಿಲ್ಲ. ಇಂಜಿನ್ ಹತ್ತು ನಿಮಿಷ ಓಡಿಸಿ, ಬಿಸಿಯಾಗಿದ್ದಾಗ ಕೈಗೆ ಗ್ಲೌಸ್ ಹಾಕಿಕೊಂಡು ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ. ಹಳೇ ಸೆನ್ಸರಿನ ತಲೆ ಕೊಯ್ದು, ಒಳಗೆ ತೂತು ಮಾಡಿ, ಒಂದಡಿ ತಾಮ್ರದ ಕೊಳವೆ ಬೆಸೆದು ನಾನೇ ಒಂದು ಅಡಾಪ್ಟರ್ ಮಾಡಿಟ್ಟುಕೊಂಡಿದ್ದೇನೆ. ತಾಮ್ರ ಯಾಕೆ ಅಂದರೆ ಹೊಗೆ ಗೇಜಿನ ರಬ್ಬರ್ ಪೈಪಿಗೆ ಬರುವಷ್ಟರಲ್ಲಿ ತಣ್ಣಗಾಗಬೇಕು. ಇಲ್ಲದಿದ್ದರೆ ಪೈಪು ಸುಟ್ಟ ವಾಸನೆ ಗ್ಯಾರೇಜಿನಿಂದ ಸಂಜೆವರೆಗೂ ಹೋಗುವುದಿಲ್ಲ. ಅನುಭವದ ಮಾತು.

ಮೊದಲು ಎರಡನೇ ಸಾಲು, ಚೆನ್ನಾಗಿರುವ ಕಡೆ. ಐಡ್ಲಿಂಗಿನಲ್ಲಿ ಅರ್ಧ ಪಿಎಸ್‌ಐ, 2500ರಲ್ಲಿ ಒಂದೂಕಾಲು. ಸರಿ ಇದೆ. ಆಮೇಲೆ ಒಂದನೇ ಸಾಲು. ಐಡ್ಲಿಂಗಿನಲ್ಲೇ ಎರಡು. 2500ರಲ್ಲಿ ಆರು. ನಮ್ಮ ಹುಡುಗ ಇನ್ನೂ ರೇಸ್ ಕೊಡಲು ಹೋದ, 4000 ಹತ್ತಿರ ಮುಳ್ಳು ಹತ್ತು ದಾಟಿತು. ಸಾಕು ನಿಲ್ಲಿಸು ಅಂದೆ. ಮೂರು ಪಿಎಸ್‌ಐ ದಾಟಿದರೇ ನಾನು ಅನುಮಾನ ಪಡುವವನು.

ಹೊಗೆ ದಾರಿ ಕಟ್ಟಿದ್ದರೆ ನಷ್ಟ ಯಾಕೆ ಮೇಲೆ ಹೋದಂತೆ ಬೆಳೆಯುತ್ತದೆ? ಒಂದು ಸಂದಿಯಲ್ಲಿ ಎರಡರಷ್ಟು ಗಾಳಿ ತೂರಿಸಲು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಒತ್ತಡ ಬೇಕು. ಹಾಗಾಗಿಯೇ ಊರೊಳಗೆ, ಎರಡು ಸಾವಿರದಲ್ಲಿ ಆಫೀಸಿಗೆ ಹೋಗಿ ಬರುವಾಗ ಈ ಕಾರು ಸಭ್ಯವಾಗಿತ್ತು.

ಉಸಿರಾಟದ ದಾರಿಯಲ್ಲಿ ಪವರ್ ಕಳೆದುಕೊಂಡವರಲ್ಲಿ ದೊಡ್ಡವರೂ ಇದ್ದಾರೆ. 1999ರ ಫೋರ್ಡ್ ಮಸ್ಟಾಂಗ್ ಕೋಬ್ರಾಕ್ಕೆ 320 ಅಶ್ವಶಕ್ತಿ ಅಂತ ಪ್ರಕಟಿಸಿದ್ದರು. ಅಮೆರಿಕದ ಓನರ್‌ಗಳು ಪವರ್ ಅಳೆಯುವ ಡೈನೋ ಮೇಲೆ ಹತ್ತಿಸಿದರೆ ಅಷ್ಟು ಬರಲಿಲ್ಲ. ಕಂಪನಿ ಮಾರಾಟ ನಿಲ್ಲಿಸಿ, ಕಾರುಗಳನ್ನು ವಾಪಸ್ ಕರೆಸಿ, ಇನ್‌ಟೇಕ್ ಮ್ಯಾನಿಫೋಲ್ಡ್, ಕಂಪ್ಯೂಟರ್, ಹಿಂದಿನ ಸೈಲೆನ್ಸರ್ ಪೈಪು ಎಲ್ಲ ಬದಲಾಯಿಸಿಕೊಟ್ಟಿತು. ಇಂಜಿನ್ ಒಳಗೆ ಕೈ ಹಾಕಲಿಲ್ಲ. ಅಳೆದವರು ಇದ್ದದ್ದಕ್ಕೆ ಅದು ಬಯಲಿಗೆ ಬಂತು.

ಕನ್ವರ್ಟರ್ ಬಿಚ್ಚಿ ಬೆಂಚಿನ ಮೇಲಿಟ್ಟೆವು. ಎರಡನೇ ಸಾಲಿನದರ ಒಂದು ತುದಿಯಲ್ಲಿ ಟಾರ್ಚ್ ಹಿಡಿದರೆ ಇನ್ನೊಂದು ತುದಿಯಲ್ಲಿ ಜರಡಿಯ ಹಾಗೆ ಬೆಳಕು ಸೋಸಿ ಬಂತು. ಒಂದನೇ ಸಾಲಿನದನ್ನು ಎತ್ತಿದ ತಕ್ಷಣ ಒಳಗೆ ಗಲಗಲ ಅಂತು. ಟಾರ್ಚ್ ಹಿಡಿದರೆ ಒಂದು ಮೂಲೆಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ಬೆಳಕು. ಉಳಿದದ್ದೆಲ್ಲ ಕರಗಿ, ಗಾಜಿನಂತೆ ಹೊಳೆಯುತ್ತಾ ಮುಚ್ಚಿಕೊಂಡಿತ್ತು. ಶಾವಿಗೆ ಒರಳಿನ ಬಿಲ್ಲೆ ತೊಳೆಯದೆ ಬಿಟ್ಟರೆ ಹಿಟ್ಟು ಒಣಗಿ ಕಣ್ಣೆಲ್ಲ ಮುಚ್ಚಿರುತ್ತದಲ್ಲ, ಥೇಟ್ ಹಾಗೆ.

ಓನರ್ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ. "ಇದರಲ್ಲಿ ಗಾಡಿ ಓಡಿದ್ದೇ ದೊಡ್ಡದು ಮಾರಾಯ್ರೆ."

ಇಲ್ಲಿಗೆ ಮುಗಿಯಿತು ಅಂದುಕೊಂಡು ಕನ್ವರ್ಟರ್ ಒಂದನ್ನೇ ಬದಲಾಯಿಸಿದ್ದರೆ ಒಂದು ವರ್ಷದಲ್ಲಿ ಅವನು ಮತ್ತೆ ಬರುತ್ತಿದ್ದ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಸಾಯಿಸಿದವರು ಇನ್ನೊಬ್ಬರಿರುತ್ತಾರೆ. ಟ್ಯಾಪೆಟ್ ಕವರಿನಲ್ಲಿ ಪ್ಲಗ್ ಗುಂಡಿಗೆ ಎಣ್ಣೆ ಇಳಿಯದಂತೆ ತಡೆಯುವ ರಬ್ಬರ್ ಸೀಲ್ ವಯಸ್ಸಾಗಿ ಗಟ್ಟಿಯಾಗಿತ್ತು. ಎಣ್ಣೆ ಇಳಿದು, ಕಾಯಿಲಿನ ರಬ್ಬರ್ ಟೋಪಿ ಊದಿಕೊಂಡು, ಕಿಡಿ ಪ್ಲಗ್ಗಿನ ತುದಿಗೆ ಹೋಗುವ ಬದಲು ಪಕ್ಕಕ್ಕೆ ಹಾರುತ್ತಿತ್ತು. ಹೊಸ ಕಾಯಿಲ್ ಹಾಕಿದವರು ಕಿಡಿ ಕೊಟ್ಟರು, ಎಣ್ಣೆ ನಿಲ್ಲಿಸಲಿಲ್ಲ. ಸ್ಕ್ಯಾನರಿನಲ್ಲಿ ಮಿಸ್‌ಫೈರ್ ಲೆಕ್ಕ, ಅಂದರೆ ಪೆಟ್ರೋಲ್ ಉರಿಯದೆ ತಪ್ಪಿದ್ದು ಎಷ್ಟು ಸಲ ಅನ್ನುವುದನ್ನು, ತೆಗೆದು ನೋಡಿದೆ. ಐದನೆಯದರಲ್ಲಿ ಆಗೊಂದು ಈಗೊಂದು ಮತ್ತೆ ಶುರುವಾಗಿತ್ತು. ಲೈಟ್ ಹತ್ತುವಷ್ಟಿಲ್ಲ, ಅಷ್ಟೆ. ಸೀಲ್ ಬಿಡಿಯಾಗಿ ಸಿಗಲಿಲ್ಲ, ಕವರ್ ಸಮೇತ ಬದಲಾಯಿಸಿ, ಕಾಯಿಲೂ ಹೊಸದು ಹಾಕಿದೆವು. ಕರಗಿದ ಪಿಂಗಾಣಿಯ ಪುಡಿ ಕೆಲವೊಮ್ಮೆ ಹಿಂದಕ್ಕೆ ಎಳೆದುಕೊಂಡು ಸಿಲಿಂಡರ್ ಗೋಡೆ ಗೀಚುತ್ತದೆ. ಅದೊಂದು ಭಯ ಇತ್ತು. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಮೂರೂ ಸಿಲಿಂಡರ್ ನೋಡಿದೆ. ಗೀರಿಲ್ಲ. ಓನರ್ ಹುಡುಗನ ಪುಣ್ಯ.

ಆಮೇಲೆ ಬಂತು ನೋಡಿ ನಿಜವಾದ ಚರ್ಚೆ. ಅವನ ಗೆಳೆಯನೊಬ್ಬ ಫೋನಿನಲ್ಲಿ, "ಒಳಗಿಂದು ಕುಟ್ಟಿ ತೆಗೆದು ಖಾಲಿ ಡಬ್ಬಿ ಫಿಟ್ ಮಾಡಿಸು, ಸೌಂಡೂ ಸಖತ್ ಬರುತ್ತೆ" ಅಂದನಂತೆ. ಅದು ಒಂದು ಗಂಟೆಯ ಕೆಲಸ, ಖರ್ಚೂ ಇಲ್ಲ. ನಾನು ಮಾಡುವುದಿಲ್ಲ ಅಂದೆ. ಕಾನೂನಿಗೆ ವಿರುದ್ಧ ಅನ್ನುವುದು ಒಂದು. ಹಿಂದೆ ನಿಂತವರು ಏನು ಉಸಿರಾಡಬೇಕು ಅನ್ನುವುದು ಇನ್ನೊಂದು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಬೈಕ್ ಮೇಲೆ ನಿಲ್ಲುವವನು ನಾನು. ಅವನೂ ಜಾಸ್ತಿ ಹಟ ಮಾಡಲಿಲ್ಲ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದೆ, ಈ ಕಾರಿಗೆ ಕನ್ವರ್ಟರ್ ಸಿಗಲಿಲ್ಲ. ಅವನ ಭಾವ ಶಾರ್ಜಾದಲ್ಲಿದ್ದರು. ಅಲ್ಲಿನ ಸ್ಪೇರ್ ಪಾರ್ಟ್ಸ್ ಮಾರ್ಕೆಟಿನಲ್ಲಿ ಹುಡುಕಿ, ವಿಡಿಯೊ ಕಾಲಿನಲ್ಲಿ ಟಾರ್ಚ್ ಬಿಟ್ಟು ಬೆಳಕು ದಾಟುವುದನ್ನು ತೋರಿಸಿ, ಆಮೇಲೆ ಕಾರ್ಗೋದಲ್ಲಿ ಹಾಕಿದರು. ಮೂರು ವಾರ ಕಾರು ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿತ್ತು.

ಫಿಟ್ ಮಾಡಿದ ಮೇಲೆ ಅದೇ ಕೊಳವೆ, ಅದೇ ಗೇಜು. ಒಂದನೇ ಸಾಲು 2500ರಲ್ಲಿ ಒಂದೂಕಾಲು. ಟ್ರಿಮ್ ಎರಡೂ ಕಡೆ ಪ್ಲಸ್ ಒಂದು, ಎರಡು. ಬಿಡದಿ ಆಚೆ ಅದೇ ಬೆಳಗಿನ ಹೊತ್ತು, ಎರಡನೇ ಗೇರು, 5500: 154 ಗ್ರಾಂ. ನಾಲ್ಕು ಸಾವಿರ ದಾಟಿದಾಗ ಬೆನ್ನು ಸೀಟಿಗೆ ಒತ್ತಿಕೊಂಡಿತು, ಸ್ಕ್ಯಾನರ್ ಕೈ ಜಾರಿ ಕಾಲ ಬುಡಕ್ಕೆ ಬಿತ್ತು.

ಓನರ್ ಮುಖದಲ್ಲಿ ಖುಷಿ ಇತ್ತು. ಆದರೂ ವಾಪಸ್ ಬರುವಾಗ ಕೆಂಗೇರಿ ಹತ್ತಿರ ಮೆಲ್ಲಗೆ ಅಂದ, "ಒಳ್ಳೇದುಂಟು ಅಣ್ಣ. ಆದ್ರೆ ಊರಲ್ಲಿ ಇದ್ದಷ್ಟು ಇಲ್ಲ."

ಇಲ್ಲ, ಇರುವುದೂ ಇಲ್ಲ ಅಂದೆ. ಅದು ಆ ಹತ್ತು ಪರ್ಸೆಂಟ್. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಗ್ಯಾರೇಜಿಗೆ ಬಂದು ಬಿಲ್ಲಿನ ಹಿಂದೆ ಲೆಕ್ಕ ಬರೆದುಕೊಟ್ಟೆ. 154ನ್ನು 1013ರಿಂದ ಗುಣಿಸಿ 910ರಿಂದ ಭಾಗಿಸಿದರೆ 171. ಆದರೆ ಕರಾವಳಿಯಲ್ಲಿ ಬೆಳಗ್ಗೆಯೇ ಸೆಕೆ, 27 ಡಿಗ್ರಿ ಅಂತ ಇಟ್ಟುಕೊಂಡರೆ ಬಿಸಿ ಗಾಳಿ ನಾಲ್ಕು ಗ್ರಾಂ ವಾಪಸ್ ಕಿತ್ತುಕೊಳ್ಳುತ್ತದೆ. 167. ಕೈಯಲ್ಲಿ ನನ್ನದೇ ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೊಟ್ಟು, ಊರಿಗೆ ಹೋದಾಗ ನೋಡು ಅಂದೆ.

ದೀಪಾವಳಿಗೆ ಹೋದವನು ಭಾನುವಾರ ಬೆಳಗ್ಗೆ ಸುರತ್ಕಲ್ ಹೆದ್ದಾರಿಯಿಂದ ಸ್ಕ್ರೀನಿನ ಫೋಟೊ ಕಳಿಸಿದ. ಪಕ್ಕದ ಸೀಟಿನಲ್ಲಿ ಕೂತ ಯಾರೋ ತೆಗೆದದ್ದು, ಸ್ವಲ್ಪ ಅಲ್ಲಾಡಿತ್ತು. ಆರ್‌ಪಿಎಂ 5510. ಗಾಳಿ 166. ಕೆಳಗೆ ಒಂದೇ ಸಾಲು: "ಒಂದು ಗ್ರಾಂ ಎಲ್ಲಿ ಹೋಯ್ತು ಅಣ್ಣ?"